ಉರಿಯದ ಬಾವಿಯ ಹಿಂದೆ ಆರು ವರ್ಷ

ಹಳೇ ಫೈಲಿನಲ್ಲಿ ಆ ಬಾವಿಯ ಬಗ್ಗೆ ಇದ್ದದ್ದು ಒಂದೂವರೆ ಪುಟ. ಕೊನೆಯ ಸಾಲು ಹೀಗಿತ್ತು: ‘ಗ್ಯಾಸ್ ಬಂತು. ಉರಿಯಲಿಲ್ಲ. ಮುಚ್ಚಲಾಯಿತು.’ ಕೊರೆದವರಿಗೆ ಬೇಕಿದ್ದದ್ದು ಮೀಥೇನ್. ಅದು ಸಿಗಲಿಲ್ಲ, ವಾಲ್ವ್ ತಿರುಗಿಸಿ ಮನೆಗೆ ಹೋದರು. ಕಳೆದ ತಿಂಗಳು ಅದೇ ಬಾವಿಯ ಗ್ಯಾಸಿನಲ್ಲಿ ಹೀಲಿಯಂ ಶೇ. 1.3ರ ಆಸುಪಾಸು ಎಂದು ಎರಡು ಬೇರೆ ಬೇರೆ ಲ್ಯಾಬುಗಳಿಂದ ರಿಪೋರ್ಟ್ ಬಂತು. ಶೇ. 0.3 ದಾಟಿದರೇ ಸಾಕು, ಹೀಲಿಯಂಗೆ ಅಂತಲೇ ಬಾವಿ ನೋಡಬಹುದು ಎನ್ನುವ ಲೈನಿನಲ್ಲಿ ಇದು ಸಣ್ಣ ಸುದ್ದಿ ಅಲ್ಲ.

ಆರು ವರ್ಷದಿಂದ ‘ಅಲ್ಲಿ ಏನೂ ಇಲ್ಲ’ ಅಂತ ಕೇಳಿ ಕೇಳಿ ಸಾಕಾಗಿತ್ತು. ಹಾಗಾಗಿ ಬರೆಯುತ್ತಿದ್ದೇನೆ. ಲೆಕ್ಕಗಳನ್ನು ನೆನಪಿನಿಂದ ಕೊಡುತ್ತಿದ್ದೇನೆ, ದಶಾಂಶದ ಜಗಳಕ್ಕೆ ಬರಬೇಡಿ.

ನನ್ನ ಮೊದಲ ತಪ್ಪು ಈಗ ನೆನೆದರೆ ನಗು ಬರುತ್ತದೆ, ಆಗ ಬರಲಿಲ್ಲ. ಮೊದಲ ವರ್ಷ ಎರಡು ಬಾವಿಗಳಿಂದ ಗ್ಯಾಸ್ ಹಿಡಿದು ಒಂದು ಲ್ಯಾಬಿಗೆ ಕಳಿಸಿದೆ. ‘ಹೀಲಿಯಂ: ಇಲ್ಲ’ ಎಂದು ಬಂತು. ನಂಬಿಬಿಟ್ಟೆ. ಎಂಟು ತಿಂಗಳು ಆ ಕಡೆ ತಲೆಯೇ ಹಾಕಲಿಲ್ಲ. ಆಮೇಲೊಂದು ದಿನ ಬೇರೆ ಯಾವುದೋ ಕೆಲಸಕ್ಕೆ ಆ ಲ್ಯಾಬಿಗೆ ಹೋಗಿದ್ದಾಗ ಕ್ರೊಮ್ಯಾಟೋಗ್ರಾಫ್, ಅಂದರೆ ಗ್ಯಾಸ್ ಮಿಶ್ರಣವನ್ನು ಬಿಡಿಬಿಡಿಯಾಗಿಸಿ ಅಳೆಯುವ ಮಷೀನು, ಅದರ ಪಕ್ಕದಲ್ಲಿದ್ದ ಸಿಲಿಂಡರ್ ಕಣ್ಣಿಗೆ ಬಿತ್ತು. ಸ್ಯಾಂಪಲನ್ನು ಮಷೀನಿನೊಳಗೆ ಹೊತ್ತೊಯ್ಯುವ ಕ್ಯಾರಿಯರ್ ಗ್ಯಾಸೇ ಹೀಲಿಯಂ! ಸಮುದ್ರಕ್ಕೆ ಒಂದು ಚೊಂಬು ನೀರು ಸುರಿದು ಮಟ್ಟ ಏರಿತಾ ಎಂದು ನೋಡಿದ ಹಾಗೆ. ಆ ಮಷೀನಿಗೆ ನನ್ನ ಹೀಲಿಯಂ ಕಾಣುವುದಾದರೂ ಹೇಗೆ? ಅವರದೂ ತಪ್ಪಿಲ್ಲ ಬಿಡಿ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಫಾರ್ಮಿನಲ್ಲಿ ಒಂದು ಖಾನೆ ಖಾಲಿ ಇತ್ತು, ಯಾರೋ ‘ಇಲ್ಲ’ ಅಂತ ತುಂಬಿದರು.

ಅಲ್ಲಿಂದ ಆರ್ಗಾನ್ ಕ್ಯಾರಿಯರ್ ಇರುವ ಕಡೆಗೇ ಕಳಿಸತೊಡಗಿದೆ. ಎರಡನೇ ಏಟು ಅಲ್ಲಿ ಬಿತ್ತು. ಇನ್ನೊಂದು ಬಾವಿಯ ಸ್ಯಾಂಪಲಿನಲ್ಲಿ ಹೀಲಿಯಂ ಶೇ. 2ಕ್ಕಿಂತ ಜಾಸ್ತಿ ಎಂದು ಬಂತು. ಪಾಲುದಾರನಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದೆ. ‘ಗುರೂ, ಗೆದ್ದೆವು’ ಅಂದೆ. ಅವನು ಮರುದಿನವೇ ಇನ್ನಷ್ಟು ದುಡ್ಡು ಹಾಕಿದ. ಮೂರು ವಾರ ಬಿಟ್ಟು ಮತ್ತೆ ಸ್ಯಾಂಪಲ್ ತೆಗೆದರೆ ಶೇ. 0.2. ಏನಾಗಿತ್ತು ಗೊತ್ತಾ? ಮಷೀನಿನೊಳಗೆ ಅನಿಲಗಳನ್ನು ಬೇರ್ಪಡಿಸುವ ಕೊಳವೆ, ಅಂದರೆ ಮಾಲಿಕ್ಯುಲರ್ ಸೀವ್ ಕಾಲಮ್ಮಿನಲ್ಲಿ ಹೀಲಿಯಂ, ಹೈಡ್ರೋಜನ್ ಎರಡೂ ಒಂದರ ಹಿಂದೆ ಒಂದು ಅಂಟಿಕೊಂಡೇ ಹೊರಬರುತ್ತವೆ. ಕಾಲಮ್ ಗಿಡ್ಡವಾಗಿದ್ದರೆ, ಬಿಸಿ ಜಾಸ್ತಿ ಇದ್ದರೆ ಮಷೀನಿನ ಗ್ರಾಫಿನಲ್ಲಿ ಎರಡು ಗುಡ್ಡ ಸೇರಿ ಒಂದೇ ಗುಡ್ಡ. ಹೈಡ್ರೋಜನ್ ಬಂದದ್ದು ಭೂಮಿಯಿಂದಲ್ಲ, ಬಾವಿಯೊಳಗೆ ಇಳಿಸಿದ ಹಳೇ ಕಬ್ಬಿಣದ ಕೊಳವೆಯಿಂದ, ಅಂದರೆ ಕೇಸಿಂಗಿನಿಂದ. ನಿಂತ ನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತಾ ಹೈಡ್ರೋಜನ್ ಬಿಡುತ್ತಾ ವರ್ಷಗಟ್ಟಲೆ ಕೂತಿತ್ತು. ನಾನು ವಾಲ್ವ್ ತೆರೆದ ತಕ್ಷಣ ಮೊದಲು ಬಂದದ್ದನ್ನೇ ಹಿಡಿದಿದ್ದೆ. ಪಾಲುದಾರ ಆ ವರ್ಷ ನನ್ನ ಜೊತೆ ಜಾಸ್ತಿ ಮಾತಾಡಲಿಲ್ಲ.

ಮೂರನೆಯದು ಪಾತ್ರೆಯ ವಿಷಯ. ಶುರುವಿನಲ್ಲಿ ಎಲ್ಲರ ಹಾಗೆ ನಾನೂ ಪ್ಲಾಸ್ಟಿಕ್ ಚೀಲದಲ್ಲೇ ಗ್ಯಾಸ್ ಹಿಡಿಯುತ್ತಿದ್ದೆ. ಒಮ್ಮೆ ಲ್ಯಾಬಿನಲ್ಲಿ ಕ್ಯೂ ಉದ್ದ ಇತ್ತು, ಚೀಲಗಳು ಐದು ವಾರ ಕಪಾಟಿನಲ್ಲೇ ಉಳಿದವು. ಫಲಿತಾಂಶ ನೋಡಿ ಅನುಮಾನ ಬಂತು. ಸರಿ, ನೋಡೇ ಬಿಡೋಣ ಅಂತ ಒಂದೇ ಸಿಲಿಂಡರಿನಿಂದ ಶೇ. 1 ಹೀಲಿಯಂ ಮಿಶ್ರಣವನ್ನು ನಾಲ್ಕು ಕಡೆ ತುಂಬಿಸಿದೆ: ಚೀಲ, ಗಾಜಿನ ಬಲ್ಬ್, ಸ್ಟೀಲ್ ಬಾಟಲಿ, ಎರಡೂ ತುದಿ ಒತ್ತಿ ಮುಚ್ಚಿದ ತಾಮ್ರದ ಕೊಳವೆ. ಮೂರು ತಿಂಗಳು ಬಿಟ್ಟು ನೋಡಿದೆ. ಚೀಲದಲ್ಲಿ ಮೂರನೇ ಒಂದು ಭಾಗವೂ ಉಳಿದಿರಲಿಲ್ಲ. ಗಾಜಿನಲ್ಲಿ ಸ್ವಲ್ಪ ಕಮ್ಮಿ ಆಗಿತ್ತು. ಗಾಜು ಹೀಲಿಯಂ ಬಿಡುತ್ತದೆ ಎಂದು ಓದಿದ್ದೆ, ಕಣ್ಣಾರೆ ನೋಡಿದ ಮೇಲೆ ಗಾಜನ್ನು ಮುಟ್ಟಿಲ್ಲ. ಸ್ಟೀಲ್ ಸರಿ ಇತ್ತು, ಆದರೆ ಎರಡು ಬಾಟಲಿಗಳಲ್ಲಿ ಒಂದರ ಸೂಜಿ ವಾಲ್ವ್ ಕೈಕೊಟ್ಟಿತು. ತಾಮ್ರದ ಕೊಳವೆ ತುಂಬಿದ್ದನ್ನು ತುಂಬಿದ ಹಾಗೇ ವಾಪಸ್ ಕೊಟ್ಟಿತು.

ಈ ಪ್ರಯೋಗಕ್ಕೆ ಯಾರೂ ದುಡ್ಡು ಕೊಡಲಿಲ್ಲ, ಎಲ್ಲ ನನ್ನ ಜೇಬು. ಆದರೆ ಗ್ಯಾಸನ್ನು ನೆಲದೊಳಗೇ ಹಿಡಿದಿಡುವ ಬಂಡೆಯ ಮುಚ್ಚಳದ ವಿಷಯ ತಲೆಗೆ ಸರಿಯಾಗಿ ಇಳಿದದ್ದು ಆಗಲೇ. ಮೂರು ತಿಂಗಳಲ್ಲಿ ಗಾಜನ್ನೇ ದಾಟುವ ಅನಿಲ ಕೋಟಿಗಟ್ಟಲೆ ವರ್ಷದಲ್ಲಿ ಶೇಲ್ ಎಂಬ ಜೇಡಿಗಲ್ಲಿನ ಪದರವನ್ನು ದಾಟದೆ ಬಿಡುತ್ತದಾ? ಮೀಥೇನಿಗೆ ಸಾಕಾಗುವ ಮುಚ್ಚಳ ಹೀಲಿಯಂಗೆ ಸಾಕಾಗುವುದಿಲ್ಲ. ಕಲ್ಲುಪ್ಪು ಇರಬೇಕು, ಇಲ್ಲವೇ ಜಿಪ್ಸಂ ಜಾತಿಯ ಅನ್‌ಹೈಡ್ರೈಟ್ ಇರಬೇಕು. ಶೇಲ್ ಒಂದನ್ನೇ ನಂಬಿದ ಜಾಗಗಳನ್ನು ನನ್ನ ಪಟ್ಟಿಯಿಂದ ಅಂದೇ ತೆಗೆದೆ.

ನಾಲ್ಕನೇ ತಪ್ಪಿಗೆ ನನ್ನ ಜೀಪು ಹೋಯಿತು. ಮಣ್ಣಿನ ಗ್ಯಾಸ್ ಸರ್ವೆ ಮಾಡಿಸಿದೆ. ಮೀಟರ್ ಆಳದ ಇನ್ನೂರು ಚಿಲ್ಲರೆ ತೂತು, ಹೀಲಿಯಂ ಹಿಡಿಯುವ ಬಾಡಿಗೆಯ ಲೀಕ್ ಡಿಟೆಕ್ಟರ್, ಇಬ್ಬರು ಹುಡುಗರು, ಎರಡೂವರೆ ತಿಂಗಳು. ಗಾಳಿಯಲ್ಲೇ ಹೀಲಿಯಂ ಹತ್ತು ಲಕ್ಷಕ್ಕೆ 5.24 ಭಾಗ ಇರುತ್ತದೆ. ನಾವು ಹುಡುಕುತ್ತಿದ್ದದ್ದು ಅದರ ಮೇಲೆ 0.1, 0.2ರ ಏರಿಕೆ. ಬಣ್ಣ ಬಣ್ಣದ ನಕ್ಷೆ ಬಂತು. ಮಧ್ಯದಲ್ಲಿ ಕೆಂಪು ಪಟ್ಟಿ, ಎಷ್ಟು ಚೆಂದ ಅಂದರೆ ಫ್ರೇಮ್ ಹಾಕಿಸಬೇಕು ಅನಿಸಿತ್ತು. ಸುಮ್ನೆ ಕುತೂಹಲಕ್ಕೆ ಆ ದಿನಗಳ ವಾಯುಭಾರದ ದಾಖಲೆ ತಂದು ಪಕ್ಕದಲ್ಲಿಟ್ಟೆ. ಕೆಂಪು ಬಂದ ತೂತುಗಳೆಲ್ಲ ವಾಯುಭಾರ ಇಳಿದ ನಾಲ್ಕು ದಿನಗಳಲ್ಲಿ ಅಳೆದವು. ಭಾರ ಇಳಿದರೆ ಮಣ್ಣು ಉಸಿರು ಬಿಡುತ್ತದೆ, ಏರಿದರೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ನಾನು ಜೀಪು ಮಾರಿ ಹವಾಮಾನದ ನಕ್ಷೆ ಬರೆಸಿದ್ದೆ. ಮಣ್ಣಿನ ಸರ್ವೆ ಮಾಡಿ ಗೆದ್ದವರೂ ಇದ್ದಾರೆ, ಅವರ ತಾಳ್ಮೆಗೆ ಕೈ ಮುಗಿಯುತ್ತೇನೆ. ನನಗಂತೂ ಬೇಡಪ್ಪ.

ಆಗ ನನಗೆ ಕೆಲಸ ಕಲಿಸಿದ ಹಿರಿಯ ಡ್ರಿಲ್ಲರ್ ಒಬ್ಬರು ಹೇಳಿದ್ದು: ‘ಅಲ್ಲಯ್ಯಾ, ಬೆಂಕಿ ಹತ್ತದ ಬಾವಿ ಹಿಂದೆ ಯಾಕೆ ಅಲೀತೀಯ? ಒಳ್ಳೇ ಗ್ಯಾಸ್ ಇರೋ ಕಡೆ ಹೋಗು, ಅದರಲ್ಲೇ ಒಂದಿಷ್ಟು ಹೀಲಿಯಂ ಇರುತ್ತೆ.’ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕತಾರ್‌ನಲ್ಲಿ ಹೀಲಿಯಂ ಶೇ. 0.04ರಷ್ಟೇ ಇದ್ದರೂ ತೆಗೆಯುತ್ತಾರೆ. ಅಲ್ಲಿ ಮೀಥೇನನ್ನು ಹೇಗೂ ತಣಿಸಿ ದ್ರವ ಮಾಡುತ್ತಾರೆ, ದ್ರವವಾಗದೆ ಉಳಿದದ್ದರಲ್ಲಿ ಹೀಲಿಯಂ ತಾನಾಗೇ ಸಿಗುತ್ತದೆ. ಆದರೆ ಅಷ್ಟು ದೊಡ್ಡ ಕಾರ್ಖಾನೆ ನನ್ನ ಹತ್ತಿರ ಎಲ್ಲಿದೆ? ನನಗೆ ಬೇಕಿದ್ದದ್ದು ಸಣ್ಣ ಜಾಗ, ಗಟ್ಟಿ ಹೀಲಿಯಂ.

ಅವರಿಗೆ ನಾನು ಡೆಕ್ಸ್‌ಟರ್ ಕತೆ ಹೇಳಿದೆ. 1903ರಲ್ಲಿ ಕಾನ್ಸಾಸ್‌ನ ಡೆಕ್ಸ್‌ಟರ್‌ನಲ್ಲಿ ಬಾವಿಯಿಂದ ಗ್ಯಾಸ್ ನುಗ್ಗಿತು. ಊರವರು ಸಂಭ್ರಮದಿಂದ ಸೇರಿದರು, ಉರಿಯುವ ಹುಲ್ಲಿನ ಪಿಂಡಿಯನ್ನು ಅದಕ್ಕೆ ಒಡ್ಡಿದರು. ಗ್ಯಾಸ್ ಹೊತ್ತಲಿಲ್ಲ, ಹುಲ್ಲಿನ ಬೆಂಕಿಯೇ ಆರಿತು. ಕಾನ್ಸಾಸ್ ವಿಶ್ವವಿದ್ಯಾಲಯದ ಕೇಡಿ ಮತ್ತು ಮ್ಯಾಕ್‌ಫಾರ್ಲೆಂಡ್ ಅದನ್ನು ಪರೀಕ್ಷೆ ಮಾಡಿದರೆ ಬಹುಪಾಲು ಸಾರಜನಕ, ಮೀಥೇನ್ ಶೇ. 15ರಷ್ಟು. 1905ರಲ್ಲಿ ಹೀಲಿಯಂ ಶೇ. 1.84 ಎಂದು ಗೊತ್ತಾಯಿತು. ‘ಅದು ಅಮೆರಿಕ ಕಣಯ್ಯಾ’ ಅಂದರು ನಮ್ಮ ಹಿರಿಯರು. ಗ್ರಾನೈಟಿಗೆ ದೇಶ ಯಾವುದಾದರೇನು ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ನಾನು ದಾರಿ ಬದಲಿಸಿದ್ದು ಇಲ್ಲಿಂದ. ಗ್ಯಾಸ್ ಎಲ್ಲಿದೆ ಅಂತ ಕೇಳುವುದನ್ನು ಬಿಟ್ಟೆ. ಹೀಲಿಯಂ ಬಂಡೆಯಿಂದ ಯಾವಾಗ ಹೊರಬಿತ್ತು, ಅದನ್ನು ಹೊತ್ತು ತಂದವರು ಯಾರು, ಎಲ್ಲಿ ಇಳಿಸಿದರು ಅಂತ ಕೇಳತೊಡಗಿದೆ.

ಒಂದು ಟನ್ ಸಾಮಾನ್ಯ ಗ್ರಾನೈಟ್ ನೂರು ಕೋಟಿ ವರ್ಷ ಕೂತರೂ ಅದರೊಳಗಿನ ಯುರೇನಿಯಂ, ಥೋರಿಯಂ ಒಡೆದು ಹುಟ್ಟುವ ಹೀಲಿಯಂ ಹೆಚ್ಚುಕಮ್ಮಿ ಒಂದು ಲೀಟರ್. ಇಷ್ಟು ಜಿಪುಣ ಮೂಲದಿಂದ ಒಂದು ಬಾವಿ ತುಂಬಬೇಕಾದರೆ ಬೆಟ್ಟಗಟ್ಟಲೆ ಬಂಡೆಯ ಉಳಿತಾಯವೆಲ್ಲ ಒಂದೇ ಕಡೆ ಬಂದು ಬೀಳಬೇಕು. ಮೊದಲು ಬಂಡೆ ತನ್ನ ಗಂಟು ಬಿಚ್ಚಬೇಕು, ಅದಕ್ಕೆ ಬಿಸಿ ಬೇಕು. ಬಂಡೆಯೊಳಗಿನ ಅಪಟೈಟ್ ಎಂಬ ಖನಿಜ 70 ಡಿಗ್ರಿ ದಾಟಿದರೆ ಹೀಲಿಯಂ ಬಿಡಲು ಶುರು ಮಾಡುತ್ತದೆ. ಇನ್ನೊಂದು ಖನಿಜ ಜಿರ್ಕಾನ್ ಹಟಮಾರಿ, ಅದಕ್ಕೆ 180ರ ಮೇಲೆ ಬೇಕು. ತಾಂಜಾನಿಯಾದ ರುಕ್ವಾದಲ್ಲಿ ಬಿಸಿನೀರಿನ ಬುಗ್ಗೆಗಳ ಗ್ಯಾಸಿನಲ್ಲಿ ಶೇ. 10ರವರೆಗೆ ಹೀಲಿಯಂ ಇದೆ ಎಂಬ ಸುದ್ದಿ 2016ರಲ್ಲಿ ಬಂತಲ್ಲ, ಅಲ್ಲಿನ ವಾದವೂ ಇದೇ: ಹಳೇ ಬಂಡೆಗೆ ಹೊಸ ಜ್ವಾಲಾಮುಖಿಯ ಶಾಖ ತಗುಲಿ, ಕೂಡಿಟ್ಟ ಹೀಲಿಯಂ ಹೊರಬಿತ್ತು.

ಓದಿದ್ದು ಸಾಲದೆ ಒಂದು ಅಡ್ಡ ಪ್ರಯೋಗ ಮಾಡಿದೆ. ಒಂದೇ ಗ್ರಾನೈಟ್ ಮೈಯಿಂದ ಎರಡು ತುಂಡು ತಂದೆ. ಒಂದು, ಆಮೇಲೆ ಕರಗಿದ ಸ್ಥಿತಿಯಲ್ಲಿ ನುಗ್ಗಿ ಬಂದ ಶಿಲೆಯ ಪಕ್ಕದ್ದು, ಅಂದರೆ ಒಮ್ಮೆ ಚೆನ್ನಾಗಿ ಬಿಸಿ ಕಂಡದ್ದು. ಇನ್ನೊಂದು ದೂರದ್ದು. ಪರಿಚಯದವರ ನಿರ್ವಾತ ಕುಲುಮೆಯಲ್ಲಿ ಎರಡನ್ನೂ ಬೇರೆ ಬೇರೆ ಕಾಯಿಸಿ ಮಾಸ್ 4, ಅಂದರೆ ಹೀಲಿಯಂ, ಎಣಿಸಿದೆ. ದೂರದ ತುಂಡು ಐದು ಪಟ್ಟು ಜಾಸ್ತಿ ಕೊಟ್ಟಿತು. ಪುಡಿ ಮಾಡುವಾಗಲೇ ಒಂದಿಷ್ಟು ಹಾರಿಹೋಗಿರುತ್ತೆ ಅಂತ ಒಬ್ಬರು ತಕರಾರು ತೆಗೆದರು. ಹೌದು, ಹೋಗಿರುತ್ತೆ, ಆದರೆ ಎರಡರಿಂದಲೂ ಹೋಗಿರುತ್ತೆ ಅಲ್ವಾ? ನನಗೆ ಬೇಕಿದ್ದ ಉತ್ತರ ಸಿಕ್ಕಿತ್ತು. ಬಿಸಿ ಕಂಡ ಬಂಡೆ ಖಾಲಿ. ಅದರ ಹೀಲಿಯಂ ಹೊರಟು ಎಲ್ಲಿಗೋ ಹೋಗಿದೆ. ಆ ‘ಎಲ್ಲಿಗೋ’ ಎಲ್ಲಿ ಅನ್ನುವುದೇ ಬಾಕಿ.

ಹೊತ್ತು ತರುವುದು ನೀರು. ಬರೀ ವಿಸರಣೆಯಿಂದ, ಅಂದರೆ ತಾನಾಗೇ ಹರಡುತ್ತಾ, ಹೀಲಿಯಂ ಒಂಟಿಯಾಗಿ ನಡೆದು ಬರಬೇಕಾದರೆ ಯುಗಗಳು ಬೇಕು, ದಾರಿಯುದ್ದಕ್ಕೂ ತೆಳುವಾಗುತ್ತಾ ಬರುತ್ತದೆ. ಆಳದ ನೀರಿನಲ್ಲಿ ಕರಗಿ, ಸಾರಜನಕದ ಜೊತೆ ಜೋಡಿಯಾಗಿ ಬರುತ್ತದೆ. ಆದರೆ ಹೀಲಿಯಂಗೆ ನೀರು ಅಂದರೆ ಅಷ್ಟಕ್ಕಷ್ಟೆ. ಒಂದು ಸಣ್ಣ ಗ್ಯಾಸ್ ಗುಳ್ಳೆ ಸಿಕ್ಕರೆ ಸಾಕು, ನೀರು ಬಿಟ್ಟು ಅದರೊಳಗೆ ಹಾರುತ್ತದೆ. ಅಂದರೆ ನೀರಿನ ದಾರಿಯಲ್ಲಿ ಮೊದಲು ಸಿಗುವ ಗ್ಯಾಸ್ ತುಂಬಿದ ಜಾಗಕ್ಕೆ ಊಟ, ಆಮೇಲಿನವಕ್ಕೆ ಎಂಜಲು. 2002ರಲ್ಲಿ ಬ್ಯಾಲಂಟೈನ್ ಮತ್ತು ಶೆರ್‌ವುಡ್ ಲೋಲರ್ ಅಮೆರಿಕದ ಹ್ಯೂಗಟನ್ ಗ್ಯಾಸ್ ಕ್ಷೇತ್ರದ ಬಗ್ಗೆ ಬರೆದದ್ದನ್ನು ನಾನು ಹತ್ತು ಸಲ ಓದಿರಬೇಕು. ಅಲ್ಲಿನ ಗ್ಯಾಸಿನಲ್ಲಿ ಹೀಲಿಯಂ, ಸಾರಜನಕ, ನಿಯಾನ್-20 ಒಟ್ಟಿಗೇ ಏರಿಳಿಯುತ್ತವೆ. ನಿಯಾನ್ ಬಂದದ್ದು ಮಳೆನೀರಿನಲ್ಲಿ ಕರಗಿದ ಗಾಳಿಯಿಂದ. ಹಾಗಾಗಿ ನೀರು ಅಲ್ಲಿ ಬಂದು ಹೋದದ್ದಕ್ಕೆ ಅದೇ ಸಾಕ್ಷಿ.

ನಮ್ಮ ಹಿರಿಯರ ಸಲಹೆ ಎಲ್ಲಿ ಎಡವುತ್ತದೆ ಅನ್ನುವುದು ಈಗ ಗೊತ್ತಾಯಿತಲ್ಲ. ಪಕ್ಕದಲ್ಲೇ ಮೀಥೇನ್ ಧಾರಾಳವಾಗಿ ಹುಟ್ಟುವ ಶೇಲ್ ಇದ್ದರೆ ಎಷ್ಟು ಹೀಲಿಯಂ ಬಂದರೂ ಕೊಡ ಹಾಲಿಗೆ ಚಿಟಿಕೆ ಕೇಸರಿ. ಮೀಥೇನ್ ಕಮ್ಮಿ ಇರುವ ಕಡೆಯೇ ಅದಕ್ಕೆ ಬಣ್ಣ ಬರುವುದು. ಉರಿಯದ ಬಾವಿ ಎಂದರೆ ಸೋತ ಬಾವಿ ಅಲ್ಲ, ತೆಳುವಾಗದ ಬಾವಿ.

ಹಾಗಾಗಿ ಹೊಸದಾಗಿ ಕೊರೆಯುವ ಮಾತೇ ಇಲ್ಲ, ಅಷ್ಟು ದುಡ್ಡೂ ಇರಲಿಲ್ಲ. ಹಳೇ ಬಾವಿಗಳ ಫೈಲು ಓದಲು ಕೂತೆ. ನೂರ ನಲವತ್ತರ ಹತ್ತಿರ ಫೈಲು, ಎರಡು ಮಳೆಗಾಲ. ಧೂಳಿಗೆ ಸೀನಿ ಸೀನಿ ಸುಸ್ತು. ಈ ಕೆಲಸದಲ್ಲಿ ಇರುವವರು ಒಂದು ವಿಷಯ ಗಮನಿಸಿ. ಹಳೇ ರಿಪೋರ್ಟುಗಳಲ್ಲಿ ಸಾರಜನಕವನ್ನು ಎಷ್ಟೋ ಸಲ ಅಳೆದೇ ಇರುವುದಿಲ್ಲ. ಮೀಥೇನ್ ಇಷ್ಟು, ಇಂಗಾಲದ ಡೈಆಕ್ಸೈಡ್ ಇಷ್ಟು, ನೂರಕ್ಕೆ ಉಳಿದದ್ದೆಲ್ಲ ‘ಸಾರಜನಕ, ವ್ಯತ್ಯಾಸದಿಂದ’ ಎಂದು ಬರೆದು ಸಹಿ ಹಾಕಿರುತ್ತಾರೆ. ಹೀಲಿಯಂ ಅಡಗಿ ಕೂರುವುದು ಆ ‘ವ್ಯತ್ಯಾಸದಿಂದ’ ಎಂಬ ಪದದೊಳಗೆ. ನಾನು ಓದಿದ್ದೇ ಆ ಖಾನೆಯನ್ನು, ಬೇರೆ ಏನನ್ನೂ ಅಲ್ಲ.

ಸಾರಜನಕ ಜಾಸ್ತಿ, ಮೇಲೆ ಉಪ್ಪು ಅಥವಾ ಅನ್‌ಹೈಡ್ರೈಟ್, ಕೆಳಗೆ ಹಳೇ ಗ್ರಾನೈಟ್, ಆಳ ಸಾವಿರ ಮೀಟರಿಗಿಂತ ಕಮ್ಮಿ. ಇಷ್ಟು ಜರಡಿ ಹಿಡಿದಾಗ ಹನ್ನೊಂದು ಬಾವಿ ಉಳಿದವು. ಹನ್ನೊಂದರಲ್ಲಿ ಏಳಕ್ಕೆ ಸಿಮೆಂಟ್ ತುಂಬಿದ್ದರು. ನಾಲ್ಕರಲ್ಲಿ ವಾಲ್ವ್ ಜೀವಂತ. ಆ ನಾಲ್ಕರಲ್ಲಿ ಮೊದಲು ಯಾವುದು ಅಂತ ತೀರ್ಮಾನಿಸಿದ ಲೆಕ್ಕ ಒಂದಿದೆ. ಬಿರುಕಿನ ದಿಕ್ಕು, ನೀರಿನ ಉಪ್ಪಿನಂಶ ಎರಡನ್ನೂ ಕೂಡಿಸಿ ನೋಡುವ ಲೆಕ್ಕ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಜೀಪು ಮಾರಿದವನು ನಾನು, ಇಷ್ಟು ಹಕ್ಕು ಇರಲಿ.

ಸ್ಯಾಂಪಲ್ ದಿನ. ಬಾವಿ ಬಾಯಲ್ಲಿ ಗೇಜ್ ಹಾಕಿದಾಗ ಒತ್ತಡ 40 ಬಾರ್‌ಗಿಂತ ಸ್ವಲ್ಪ ಮೇಲೆ. ಒಂದು ಕ್ಷಣ ಖುಷಿ, ಮರುಕ್ಷಣ ಭಯ. ಗ್ರೀಸ್ ಪಂಪು ಮಾಡಿ ಗಂಟೆ ಹೊತ್ತು ಬಿಟ್ಟ ಮೇಲೆ ವಾಲ್ವ್ ಅಲುಗಿತು. ಈ ಸಲ ಮೊದಲು ಬಂದ ಗ್ಯಾಸನ್ನು ಮುಟ್ಟಲಿಲ್ಲ. ಕೇಸಿಂಗಿನಲ್ಲಿ ಎಷ್ಟು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ, ಅದರ ಮೂರು ಪಟ್ಟು ಹೊರಬಿಟ್ಟೆ. ಬೆಳಿಗ್ಗೆ ಶುರು ಮಾಡಿದ್ದು ಸಂಜೆಯವರೆಗೂ ಹೋಯಿತು. ಗಾಳಿ ಬೀಸುವ ದಿಕ್ಕಿಗೆ ಯಾರನ್ನೂ ಬಿಡಲಿಲ್ಲ. ಸಾರಜನಕಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಅದರ ನಡುವೆ ನಿಂತವನು ಸದ್ದಿಲ್ಲದೆ ಕುಸಿಯುತ್ತಾನೆ. ಅರ್ಧ ಗಂಟೆಗೊಮ್ಮೆ ಚಿಕ್ಕ ಮೀಟರಿನಲ್ಲಿ ಹೈಡ್ರೋಜನ್ ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಇಳಿದು ಇಳಿದು ಸೊನ್ನೆಗೆ ಬಂತು. ಆಗಲೂ ಎರಡು ಗಂಟೆ ಕಾದೆ.

ಆಮೇಲೆ ತಾಮ್ರದ ಕೊಳವೆ. ಪೆನ್ನಿಗಿಂತ ದಪ್ಪ, ಮೊಳದುದ್ದ. ಒಂದು ತುದಿಯಿಂದ ಗ್ಯಾಸ್ ಹರಿದು ಇನ್ನೊಂದು ತುದಿಯಿಂದ ಹೊರಹೋಗುವ ಹಾಗೆ ಹತ್ತು ನಿಮಿಷ ಬಿಡಬೇಕು. ಮೊದಲು ಹೊರತುದಿಯ ಕ್ಲಾಂಪ್, ಆಮೇಲೆ ಒಳತುದಿಯದು. ಉಲ್ಟಾ ಮಾಡಿದರೆ ಗಾಳಿ ಎಳೆದುಕೊಳ್ಳುತ್ತದೆ, ಒಮ್ಮೆ ಮಾಡಿ ನೋಡಿದ್ದೇನೆ. ಬೋಲ್ಟ್ ಬಿಗಿ ಮಾಡುವಾಗ ತಾಮ್ರ ನಿಧಾನಕ್ಕೆ ಚಪ್ಪಟೆಯಾಗಿ ಒಳಗೋಡೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೈಗೆ ಒಂದು ಗಳಿಗೆಯಲ್ಲಿ ಗೊತ್ತಾಗುತ್ತದೆ, ಸ್ಪ್ಯಾನರ್ ಸ್ವಲ್ಪ ಮೆತ್ತಗೆ ಹೋಗಿ ಮತ್ತೆ ಗಟ್ಟಿಯಾಗುತ್ತದೆ. ಅಲ್ಲಿ ನಿಲ್ಲಿಸಬೇಕು. ಇನ್ನರ್ಧ ಸುತ್ತು ಹೆಚ್ಚಾದರೆ ತಾಮ್ರ ತುಂಡಾಗುತ್ತದೆ. ಕೊಳವೆಗೆ ಮುಂಚೆ ಮಾಡುವ ಇನ್ನೊಂದು ಸಣ್ಣ ಕೆಲಸ ಇದೆ, ಅದನ್ನು ನನ್ನ ಜೊತೆ ಬರುವವರಿಗೆ ಮಾತ್ರ ಹೇಳಿಕೊಡುತ್ತೇನೆ.

ಆರು ಕೊಳವೆ ತುಂಬಿದೆ. ಎರಡು ಒಂದು ಲ್ಯಾಬಿಗೆ, ಎರಡು ಇನ್ನೊಂದಕ್ಕೆ, ಎರಡು ನನ್ನ ಬೀರುವಿನಲ್ಲಿ. ಹೀಲಿಯಂ, ನಿಯಾನ್, ಆರ್ಗಾನಿನಂಥ ಜಡ ಅನಿಲಗಳ ಪೂರ್ತಿ ಪರೀಕ್ಷೆಯ ಒಂದು ಬಿಲ್ಲಿನಲ್ಲಿ ಸಾಮಾನ್ಯ ಗ್ಯಾಸ್ ಪರೀಕ್ಷೆ ಹದಿನೈದು ಮಾಡಿಸಬಹುದಿತ್ತು. ಪಾಲುದಾರ ಕೊಡಲಿಲ್ಲ, ಸಾಲ ಮಾಡಿದೆ.

ಹೀಲಿಯಂ ಶೇ. 1.3 ಎಂಬುದು ಮೊದಲ ಸಾಲು. ನನಗೆ ಅದಕ್ಕಿಂತ ಕೆಳಗಿನ ಸಾಲುಗಳೇ ಜಾಸ್ತಿ ಖುಷಿ ಕೊಟ್ಟವು. ಸಾರಜನಕ ಶೇ. 90 ದಾಟಿತ್ತು, ಮೀಥೇನ್ ನಾಲ್ಕೈದು. ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಷ್ಟು, ಅಂದರೆ ಹೊರಗಿನ ಗಾಳಿ ನುಗ್ಗಿಲ್ಲ. ಹೈಡ್ರೋಜನ್ ಕೂಡ ಇಲ್ಲ. ಹೀಲಿಯಂ-3ಕ್ಕೂ 4ಕ್ಕೂ ಇರುವ ಅನುಪಾತ ಗಾಳಿಯದರ ನೂರನೇ ಎರಡು ಭಾಗದ ಹತ್ತಿರ, ಅಂದರೆ ಶುದ್ಧ ಭೂಚಿಪ್ಪಿನ ಮಾಲು, ಅದರ ಕೆಳಗಿನ ಮ್ಯಾಂಟಲಿನದಲ್ಲ. ನಿಯಾನ್-20 ಇತ್ತು, ನೀರು ತನ್ನ ಗುರುತು ಬಿಟ್ಟು ಹೋಗಿತ್ತು. ಇನ್ನು ಬಂಡೆಯಲ್ಲಿ ಹುಟ್ಟಿದ ಆರ್ಗಾನ್-40. ಭೂಚಿಪ್ಪಿನಲ್ಲಿ ಹೀಲಿಯಂ ಅದರ ಐದು ಪಟ್ಟು ಹುಟ್ಟುತ್ತದೆ. ನನ್ನ ಗ್ಯಾಸಿನಲ್ಲಿ ಒಂಬತ್ತು ಪಟ್ಟು ಇತ್ತು. ಹಾಗಾದರೆ ಬಂಡೆ ತೀರಾ ಕಾದಿಲ್ಲ. ಹೀಲಿಯಂ ಹೊರಡುವಷ್ಟು ಬಿಸಿ, ಆರ್ಗಾನ್ ಹೊರಡುವಷ್ಟಲ್ಲ. ಕುಲುಮೆಯಲ್ಲಿ ಎರಡು ತುಂಡು ಕಾಯಿಸಿದ್ದು ವ್ಯರ್ಥವಾಗಲಿಲ್ಲ ಅಂತ ಆ ಸಾಲನ್ನು ನಾಲ್ಕು ಸಲ ಓದಿದೆ.

ಹಿರಿಯರಿಗೆ ರಿಪೋರ್ಟ್ ತೋರಿಸಿದೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು. ‘ಕ್ಯಾರಿಯರ್ ಗ್ಯಾಸ್ ಯಾವುದು ಅಂತ ಕೇಳಿದೆಯಾ?’ ಅಂದರು. ‘ಆರ್ಗಾನ್ ಸಾರ್’ ಅಂದೆ. ಮಾತಾಡಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿ, ತಾವು ಕೊರೆದು ಬಿಟ್ಟ ಉರಿಯದ ಬಾವಿಗಳು ಇನ್ನೆರಡು ಇವೆ, ಫೈಲು ಮನೆಯಲ್ಲೇ ಇದೆ, ಬಂದು ನೋಡು ಅಂದರು.

ಒತ್ತಡ ಎಷ್ಟು ದಿನ ನಿಲ್ಲುತ್ತದೆ ಎಂಬುದು ನೋಡಬೇಕು. ಬಹಳ ದಿನ ಗ್ಯಾಸ್ ಹರಿಸಿ ನೋಡುವ ಫ್ಲೋ ಟೆಸ್ಟ್ ಆಗದೆ ಜಾಗ ಎಷ್ಟು ದೊಡ್ಡದು ಅಂತ ಬಾಯಿ ಬಿಡುವುದಿಲ್ಲ. ಪಾಲುದಾರ ಮತ್ತೆ ಮಾತಾಡುತ್ತಿದ್ದಾನೆ. ಉಳಿದ ಮೂರು ಬಾವಿಗಳಲ್ಲಿ ಒಂದರ ವಾಲ್ವ್ ಗ್ರೀಸಿಗೂ ಜಗ್ಗುತ್ತಿಲ್ಲ. ಒಳಗೆ ಒತ್ತಡ ಎಷ್ಟಿದೆ ಅಂತ ಗೊತ್ತಿಲ್ಲದೆ ಅದಕ್ಕೆ ಸುತ್ತಿಗೆ ಹಾಕುವ ಧೈರ್ಯ ನನಗಿಲ್ಲ. ಮುಂದಿನ ವಾರ ಹಾಟ್ ಟ್ಯಾಪ್ ಮಾಡುವವರು, ಅಂದರೆ ಒಳಗೆ ಒತ್ತಡ ಇರುವಾಗಲೇ ಸುರಕ್ಷಿತವಾಗಿ ತೂತು ಕೊರೆಯುವವರು ಬರುತ್ತಾರೆ. ತಾಮ್ರದ ಕೊಳವೆ ಎಂಟು ಉಳಿದಿವೆ, ಅಷ್ಟು ಸಾಕು.